ಹಗಲೆಲ್ಲ ಬಾಯಿ ಕಟ್ಟುವುದು, ರಾತ್ರಿ ಡಬ್ಬಿ ಖಾಲಿ ಮಾಡುವುದು: ಇದರಿಂದ ಹೊರಬರುವ ಬಗೆ ಹೇಗೆ?

ಪ್ರಶ್ನೆ: ಕ್ಯಾತಸಂದ್ರದಿಂದ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು, ಎರಡು ಮಕ್ಕಳ ತಾಯಿ. ಎರಡನೆಯ ಹೆರಿಗೆಯ ನಂತರ ಏರಿದ ತೂಕವನ್ನು ಇಳಿಸಲೇಬೇಕೆಂದು ಮುದ್ದೆ ಮತ್ತು ಅನ್ನ ಎರಡನ್ನೂ ಬಿಟ್ಟಿದ್ದೇನೆ. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ ಮತ್ತು ಜೇನುತುಪ್ಪ, ಮಧ್ಯಾಹ್ನ ಸೌತೆಕಾಯಿಯೊಂದಿಗೆ ಒಂದು ಲೋಟ ಮಜ್ಜಿಗೆ, ಇಷ್ಟರಲ್ಲೇ ಸಂಜೆಯವರೆಗೆ ತಡೆದುಕೊಳ್ಳುತ್ತೇನೆ. ಆದರೆ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಗೆ ಹೋದರೆ ಉಳಿದ ಅನ್ನ ಸಾರು, ಮಕ್ಕಳಿಗೆಂದು ತಂದಿಟ್ಟ ಬಿಸ್ಕತ್ತು, ಡಬ್ಬಿಯಲ್ಲಿರುವ ನಿಪ್ಪಟ್ಟು, ಹೀಗೆ ಒಂದಾದ ಮೇಲೊಂದನ್ನು ಹೊಟ್ಟೆ ನೋಯುವವರೆಗೂ ತಿನ್ನುತ್ತೇನೆ. ಸಾಕೆಂದು ಮನಸ್ಸು ಹೇಳುತ್ತಿದ್ದರೂ ಕೈ ನಿಲ್ಲುವುದಿಲ್ಲ. ಅದರ ಪ್ರಾಯಶ್ಚಿತ್ತವೆಂಬಂತೆ ಮರುದಿನ ಒಪ್ಪತ್ತು ಇರುತ್ತೇನೆ. ಶನಿವಾರವಾದರೆ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ, ಉಳಿದ ವಾರಗಳಿಗೆ ಮಾತ್ರ ಒಂದೊಂದು ದೇವರ ಹೆಸರನ್ನು ಹುಡುಕಬೇಕಾಗುತ್ತದೆ. ರಾತ್ರಿ ಹೊತ್ತಿನ ಈ ತಿನ್ನುವಿಕೆಯನ್ನು ಹತ್ತಿಕ್ಕುವ ಉಪಾಯವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಶಿರಾದಿಂದ

ಮೇಡಂ, ಇದು ಬಾಯಿಚಪಲವೇ ಹೊರತು ಬೇರೇನೂ ಅಲ್ಲ. ಕುರುಕಲು ತಿಂಡಿಯನ್ನು ಮನೆಗೆ ತರುವುದನ್ನೇ ನಿಲ್ಲಿಸಿ, ರಾತ್ರಿ ಎಂಟರ ನಂತರ ಅಡುಗೆಮನೆಗೆ ಬೀಗ ಹಾಕಿ. ನಮ್ಮ ಹಿರಿಯರು ವಾರಕ್ಕೊಂದು ಒಪ್ಪತ್ತು, ತಿಂಗಳಿಗೆರಡು ಏಕಾದಶಿ ಮಾಡಿಯೇ ಗಟ್ಟಿಮುಟ್ಟಾಗಿ ಬದುಕಿದರು. ಮನಸ್ಸು ಗಟ್ಟಿಯಿದ್ದರೆ ಎಲ್ಲವೂ ಸಾಧ್ಯ.

ಉತ್ತರ: ಕೋಲಾರದ ಆಹಾರತಜ್ಞೆ

ಶಿರಾದವರ ಕಾಳಜಿ ಅರ್ಥವಾಗುತ್ತದೆ, ಆದರೆ ಅವರ ಸಲಹೆಯನ್ನು ಪಾಲಿಸಿದರೆ ಈ ತಾಯಿಯ ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ. ಹಿರಿಯರ ಒಪ್ಪತ್ತು ಬೇರೆ, ಇಲ್ಲಿ ನಡೆಯುತ್ತಿರುವುದು ಬೇರೆ. ಒಪ್ಪತ್ತಿನವರು ಒಂದು ಹೊತ್ತು ಹೊಟ್ಟೆತುಂಬ ಉಂಡು, ಮತ್ತೊಂದು ಹೊತ್ತಿಗೆ ಫಲಾಹಾರವನ್ನೋ ಉಪ್ಪಿಟ್ಟನ್ನೋ ತೆಗೆದುಕೊಂಡು, ಮರುದಿನ ಎಂದಿನಂತೆ ಮುದ್ದೆ ಮುರಿಯುತ್ತಿದ್ದರು; ಹಿಂದಿನ ರಾತ್ರಿ ತಿಂದದ್ದಕ್ಕೆ ಶಿಕ್ಷೆಯೆಂದು ಯಾರೂ ವ್ರತ ಹಿಡಿದವರಲ್ಲ.

ಅಕ್ಕ, ನೀವು ರಾತ್ರಿಯನ್ನು ಸರಿಪಡಿಸಲು ಹೊರಟಿದ್ದೀರಿ, ಆದರೆ ಸರಿಪಡಿಸಬೇಕಾದದ್ದು ನಿಮ್ಮ ಹಗಲನ್ನು. ಎರಡನೆಯ ಮಹಾಯುದ್ಧದ ಕೊನೆಯ ವೇಳೆಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದರು. ಆ ಅರೆಹೊಟ್ಟೆಯೆಂದರೆ ದಿನಕ್ಕೆ ಸುಮಾರು 1,600 ಕ್ಯಾಲೊರಿ. ನೀವು ಬರೆದಿರುವ ನಿಂಬೆನೀರು, ಸೌತೆಕಾಯಿ, ಮಜ್ಜಿಗೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಮೊದಲು ಊಟದ ಬಗ್ಗೆ ತಲೆಕೆಡಿಸಿಕೊಂಡವರಲ್ಲದ ಆ ಯುವಕರು ಹಗಲಿರುಳು ತಿನಿಸಿನದೇ ಮಾತಾಡತೊಡಗಿದರು, ಅಡುಗೆ ಪುಸ್ತಕಗಳನ್ನು ಓದತೊಡಗಿದರು, ತಟ್ಟೆ ನೆಕ್ಕತೊಡಗಿದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕ ಮೇಲೆ ಅವರಲ್ಲಿ ಹಲವರು ಹೊಟ್ಟೆ ಬಿರಿಯುವಂತೆ ತಿಂದರೂ ಹಸಿವು ತೀರಲಿಲ್ಲ ಎನ್ನುತ್ತಿದ್ದರು. ಅವರೇನೂ ಮನಸ್ಸು ಗಟ್ಟಿಯಿಲ್ಲದವರಾಗಿರಲಿಲ್ಲ. ಆಹಾರ ಕಡಿಮೆಯಾದಾಗ ಮೈಯಲ್ಲಿ ಕೊಬ್ಬಿನ ದಾಸ್ತಾನು ಸಾಕಷ್ಟಿದೆಯೆಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ. ಶರೀರ ಇದನ್ನು ಬರಗಾಲವೆಂದೇ ತಿಳಿಯುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಉಂಟು. 1975ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಬೇಕಾದಷ್ಟು ಐಸ್‌ಕ್ರೀಂ ತಿನ್ನಲು ಬಿಟ್ಟರು. ಪಥ್ಯದ ಗೊಡವೆಯಿಲ್ಲದವರು ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು; ಸದಾ ಬಾಯಿ ಕಟ್ಟುವವರು ಮಾತ್ರ ಏನೂ ಕುಡಿಯದಿದ್ದಾಗ ತಿನ್ನುವುದಕ್ಕಿಂತ ಹೆಚ್ಚು ತಿಂದರು. ಇವತ್ತಿನ ನೇಮ ಹೇಗೂ ಕೆಟ್ಟಿತು, ನಾಳೆಯಿಂದ ನೋಡಿಕೊಳ್ಳೋಣ ಎನ್ನುವ ಮನಃಸ್ಥಿತಿ ಅದು. ಮೊದಲ ನಿಪ್ಪಟ್ಟು ಡಬ್ಬಿಯನ್ನೇ ಖಾಲಿ ಮಾಡಿಸುವುದಕ್ಕೆ, ಅದನ್ನು ತಿನ್ನಲೇಬಾರದೆಂದು ನೀವೇ ಹಾಕಿಕೊಂಡ ಕಟ್ಟುಪಾಡು ಒಂದು ದೊಡ್ಡ ಕಾರಣ.

ಆದ್ದರಿಂದ ಮೊದಲ ಹೆಜ್ಜೆಯಾಗಿ ತೂಕದ ಯೋಚನೆಯನ್ನು ಕೆಲಕಾಲ ಬದಿಗಿಟ್ಟು, ಹೊತ್ತಿಗೆ ಸರಿಯಾಗಿ ಉಣ್ಣಲು ಆರಂಭಿಸಿ. ಈ ತೊಂದರೆಗೆ ನೀಡುವ ಅರಿವಿನ ವರ್ತನಾ ಚಿಕಿತ್ಸೆಯಲ್ಲಿಯೂ (ಮಾತುಕತೆಯ ಮೂಲಕ ಯೋಚನೆ, ರೂಢಿಗಳನ್ನು ತಿದ್ದುವ ಚಿಕಿತ್ಸೆ) ಮೂರು ಊಟ, ನಡುವೆ ಎರಡು ಅಥವಾ ಮೂರು ಸಣ್ಣ ತಿಂಡಿ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಬರಿಹೊಟ್ಟೆ ಬಿಡಬಾರದು ಎಂಬ ಕ್ರಮವೇ ತಳಹದಿ. ಬೆಳಿಗ್ಗೆ ಎರಡು ಇಡ್ಲಿಯೋ ಒಂದು ಬಟ್ಟಲು ರಾಗಿ ಅಂಬಲಿಯೋ ಆದೀತು. ಮಧ್ಯಾಹ್ನ ಮುದ್ದೆಗೆ ಕಾಳಿನ ಹುಳಿ ಅಥವಾ ಸೊಪ್ಪಿನ ಬಸ್ಸಾರು ಇರಲಿ. ಸಂಜೆ ಕಚೇರಿಯಲ್ಲೇ ಒಂದು ಹಿಡಿ ಹುರಿಗಡಲೆ ಅಥವಾ ಬಾಳೆಹಣ್ಣು ತಿನ್ನಿ, ರಾತ್ರಿ ಎಲ್ಲರ ಜೊತೆ ಕುಳಿತು ಉಣ್ಣಿ. ನಮ್ಮ ಸೀಮೆಯವರು ಮುದ್ದೆಗೆ ಹೆದರುವ ಕಾಲ ಬಂತಲ್ಲ ಎಂದು ನನಗೆ ಬೇಸರವಾಗುತ್ತದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರಿನಂಶವೂ ಚೆನ್ನಾಗಿದೆ, ಕಾಳಿನ ಸಾರಿನೊಡನೆ ಉಂಡರೆ ಬಹಳ ಹೊತ್ತು ಹಸಿವಾಗುವುದಿಲ್ಲ.

ಕ್ಯಾತಸಂದ್ರದಿಂದ ಮತ್ತೆ

ತುಂಬ ಉಪಕಾರವಾಯಿತು. ಆದರೂ ಒಂದು ಅಂಜಿಕೆ ಉಳಿದಿದೆ. ಹಗಲು ಮೂರು ಹೊತ್ತು ಉಂಡು, ರಾತ್ರಿಯೂ ಹಳೆಯ ಚಾಳಿ ಬಿಡದಿದ್ದರೆ ತೂಕ ಇಮ್ಮಡಿಯಾಗುವುದಿಲ್ಲವೇ? ಹಾಗೆ ತಿಂದುಬಿಟ್ಟ ಮರುದಿನ ಏನು ಮಾಡಬೇಕು?

ಉತ್ತರ: ಕೋಲಾರದ ಆಹಾರತಜ್ಞೆ

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಎಂದಿನ ತಿಂಡಿಯನ್ನೇ ತಿನ್ನಿ. ಹಸಿವಿಲ್ಲ ಎನಿಸಿದರೆ ಸ್ವಲ್ಪ ಕಡಿಮೆ ಮಾಡಿ, ಆದರೆ ಬಿಡಬೇಡಿ. ಇಡೀ ಕ್ರಮದಲ್ಲಿ ಅತ್ಯಂತ ಕಷ್ಟದ್ದು ಇದೇ, ಅತ್ಯಂತ ಮುಖ್ಯವಾದದ್ದೂ ಇದೇ. ಮೊದಮೊದಲು ರಾತ್ರಿಯ ಸೆಳೆತ ಇದ್ದೇ ಇರುತ್ತದೆ, ತೂಕವೂ ತುಸು ಆಚೀಚೆ ಆಗಬಹುದು, ಅದರಲ್ಲಿ ನೀರಿನ ಪಾಲೂ ಇರುತ್ತದೆ. ಹಗಲಿನ ಊಟ ಒಂದು ಕ್ರಮಕ್ಕೆ ಬಂದಂತೆಲ್ಲ ರಾತ್ರಿಯ ಸೆಳೆತ ಸಾಮಾನ್ಯವಾಗಿ ಸಡಿಲವಾಗುತ್ತದೆ. ದಿನವೂ ತೂಕದ ಯಂತ್ರವನ್ನು ಹತ್ತುವ ಅಭ್ಯಾಸವಿದ್ದರೆ ವಾರಕ್ಕೊಮ್ಮೆ ಸಾಕು.

ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಿಡಿತ ತಪ್ಪಿ ತಿನ್ನುವುದು ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳ ಕಾಲ ನಡೆದರೆ ಅದನ್ನು ವೈದ್ಯರು ಚಿಕಿತ್ಸೆ ಬೇಕಾದ ಕಾಯಿಲೆಯೆಂದೇ ಪರಿಗಣಿಸುತ್ತಾರೆ. ತಿಂದದ್ದನ್ನು ಸರಿದೂಗಿಸಲು ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಮಾತ್ರವಲ್ಲ, ಉಪವಾಸವಿರುವುದೂ ಬುಲಿಮಿಯಾ ಎಂಬ ಕಾಯಿಲೆಯ ಲಕ್ಷಣಗಳಲ್ಲಿ ಸೇರುತ್ತದೆ. ವಾಂತಿ ಭೇದಿಗಳು ರಕ್ತದ ಪೊಟ್ಯಾಸಿಯಂ ಇಳಿಸಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲವು, ಹಾಗೇನಾದರೂ ಇದ್ದರೆ ತಡಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು, ಬೆಂಗಳೂರಿನ ನಿಮ್ಹಾನ್ಸ್ ದೂರವೇನಲ್ಲ, ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಸಲಹೆ ಸಿಗುತ್ತದೆ.

ಉತ್ತರ: ಚಿಂತಾಮಣಿಯಿಂದ

ಮನೆಯವರ ಬಗ್ಗೆ ಎರಡು ಮಾತು. ನನ್ನ ತಂಗಿ ಇದೇ ಸುಳಿಯಲ್ಲಿದ್ದಾಗ ಅವಳನ್ನು ಹೆಚ್ಚು ಹಿಂದಕ್ಕೆಳೆದದ್ದು ಬಂಧುಗಳ ಬಾಯಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಿಗೆಂದು ಎಲ್ಲರೂ ಸೇರಿದಾಗ, ಬಡಿಸುವವರೇ ಇನ್ನೊಂದು ಮುದ್ದೆ ಹಾಕಿಸಿಕೋ ಎಂದು ಬಲವಂತ ಮಾಡಿ, ಕೈ ತೊಳೆಯುವ ಹೊತ್ತಿಗೆ ಎಷ್ಟು ದಪ್ಪವಾಗಿದ್ದೀಯಲ್ಲ ಎನ್ನುತ್ತಿದ್ದರು. ಅದಕ್ಕೆ ನಮ್ಮ ತಾಯಿ, ಊಟದ ಹೊತ್ತಿನಲ್ಲಿ ಯಾರ ಮೈಕಟ್ಟಿನ ಮಾತೂ ಬೇಡವೆಂದು ಎಲ್ಲರಿಗೂ ಖಡಾಖಂಡಿತವಾಗಿ ಹೇಳಿದರು. ಅಡುಗೆಮನೆಗೆ ಬೀಗವನ್ನೂ ಹಾಕಲಿಲ್ಲ. ಬೀಗ ಹಾಕಿದ್ದರೆ ಅವಳು ಅಂಗಡಿಯಲ್ಲಿ ಕೊಂಡು ಕದ್ದು ತಿನ್ನುತ್ತಿದ್ದಳು, ಅಷ್ಟೇ. ನಿಮ್ಮ ಯಜಮಾನರಿಗಾಗಲಿ ಅತ್ತೆಯವರಿಗಾಗಲಿ, ಯಾರು ಕೇಳಿಸಿಕೊಳ್ಳುವವರೋ ಅವರೊಬ್ಬರಿಗೆ ವಿಷಯ ತಿಳಿಸಿ, ರಾತ್ರಿ ಪಾತ್ರೆ ಎತ್ತಿಡುವ ಕೆಲಸವನ್ನು ಕೆಲವು ದಿನ ಅವರಿಗೆ ಒಪ್ಪಿಸಿ ನೋಡಿ.