ಟೊಮೇಟೊ ಸಸಿ ಮೇಲೇಳ್ತಾನೇ ಇಲ್ಲ, ಗೊತ್ತಿರೋರು ಹೇಳಿ ಪ್ಲೀಸ್

ಎಲ್ರಿಗೂ ನಮಸ್ಕಾರ, ನಮ್ದು ಮೂಡಿಗೆರೆ ಹತ್ರ. ಈ ಸಲ ಅರ್ಕಾ ರಕ್ಷಕ್ ಬೀಜ ತರಿಸಿ ನವೆಂಬರ್ ಕೊನೇಲಿ ಟ್ರೇಗೆ ಹಾಕ್ದೆ, ವಾರಕ್ಕೆಲ್ಲ ಚೆನ್ನಾಗೇ ಮೊಳಕೆ ಬಂತು, ಆಮೇಲೆ ಏನಾಯ್ತೋ, ಇವತ್ತಿಗೆ 45 ದಿನ ಆದ್ರೂ ನನ್ನ ತೋರುಬೆರಳುದ್ದ ಇಲ್ಲ. 25-30 ದಿನಕ್ಕೆ ನಾಟಿಗೆ ಬರ್ಬೇಕಿತ್ತು. ಎಲೆ ಮೇಲ್ಗಡೆ ಹಸಿರೇ, ತಿರುಗ್ಸಿ ನೋಡಿದ್ರೆ ಅಡಿಯೆಲ್ಲಾ ನೇರಳೆ ಬಣ್ಣ, ನರ ಇನ್ನೂ ಕಪ್ಪು. ಹುಳ ಗಿಳ ಏನಿಲ್ಲ.

ಮಣ್ಣು ಕಾಫಿ ತೋಟದ್ದು, ಅರ್ಧಕ್ಕರ್ಧ ಕೊಟ್ಟಿಗೆ ಗೊಬ್ಬರ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೋದು) ಲೀಟರ್ ನೀರಿಗೆ 2 ಗ್ರಾಂ ಕಲಸಿ ಎರಡು ಸಲ ಕೊಟ್ಟೆ, ಅತ್ತೆ ಹೇಳಿದ್ರು ಅಂತ ಒಲೆ ಬೂದಿನೂ ಉದುರಿಸಿದ್ದಾಯ್ತು (ಅದಕ್ಕೆ ಕೋಳಿ ಬಂದು ಕೆದಕಿ ನಾಲ್ಕು ಸಸಿ ಹೋಯ್ತು, ಬಿಡಿ). ಗೊಬ್ಬರದಂಗಡಿಯವ್ರು ರಂಜಕ ಕಮ್ಮಿ, ಡಿಎಪಿ ಹಾಕಿ ಅಂತಾರೆ. ಪಕ್ಕದ್ಮನೆ ಅಣ್ಣ ಮಾತ್ರ, ರಂಜಕ ಮಣ್ಣಲ್ಲಿದ್ರೂ ಈ ಚಳಿಗೆ ಬೇರು ಎಳ್ಕೊಳಲ್ಲ, ಬಿಸಿಲಿಗಿಡು ಅಂತಾರೆ. ಟ್ರೇ ಇರೋದು ಸಿಲ್ವರ್ ಓಕ್ ಮರದ ನೆರಳಲ್ಲಿ, ಹತ್ತು ಗಂಟೆವರೆಗೂ ಮಂಜೇ, ಅದಕ್ಕೆ ನಂಗೂ ಅವ್ರ ಮಾತೇ ಸರಿ ಅನ್ಸುತ್ತೆ, ಆದ್ರೆ ನಮ್ಮ ಕಡೆ ಮಣ್ಣು ಹುಳಿ ಬೇರೆ, ತೋಟಕ್ಕೇ ಸುಣ್ಣ ಹಾಕ್ತೀವಲ್ಲ, ರಂಜಕ ಸಿಗ್ದೇ ಇರೋದು ಆ ಹುಳಿಯಿಂದ್ಲೂ ಇರ್ಬೋದಾ ಅಂತ ಅನುಮಾನ.

ಈಗ ಇದೇ ಸಸೀನ ಬಿಸಿಲಿಗಿಟ್ಟು ಕಾಯ್ಲಾ, ಸುಣ್ಣ ಕೊಡ್ಲಾ, ಇಲ್ಲ ಕಿತ್ತೆಸ್ದು ಫೆಬ್ರವರೀಲಿ ಹೊಸ ಬೀಜ ಹಾಕೋದೇ ವಾಸಿನಾ?