ವಿಪಲ್ ನಂತರದ ಸಿಟಿ: ಯಕೃತ್ತಿನ ಕೆಳಗೆ ಕಂಡದ್ದು ಕೀವೋ, ಕರುಳೋ?

ಪ್ರಶ್ನೆ (ರೇಡಿಯಾಲಜಿ ಸ್ನಾತಕೋತ್ತರ ವಿದ್ಯಾರ್ಥಿ):
ಮೇದೋಜೀರಕ ಗ್ರಂಥಿಯ ತಲೆಭಾಗದ ಗಡ್ಡೆಗೆ ವಿಪಲ್ ಶಸ್ತ್ರಚಿಕಿತ್ಸೆಯಾಗಿ (ಆ ತಲೆಭಾಗವನ್ನು ತೆಗೆದು, ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಕರುಳಿಗೆ ಜೋಡಿಸುವುದು) ಎಂಟನೇ ದಿನ. ಜ್ವರವಿದೆ, ಬಿಳಿ ರಕ್ತಕಣಗಳು ಏರಿವೆ. ಪೋರ್ಟಲ್ ಹಂತದ ಸಿಟಿ (ರಕ್ತನಾಳಕ್ಕೆ ಚುಚ್ಚಿದ ಕಾಂಟ್ರಾಸ್ಟ್, ಅಂದರೆ ಸಿಟಿಯಲ್ಲಿ ಬೆಳ್ಳಗೆ ಕಾಣುವ ಔಷಧ, ಧಮನಿಗಳನ್ನು ದಾಟಿ ಪೋರ್ಟಲ್ ರಕ್ತನಾಳ ತಲುಪಿದಾಗಿನದು) ಮಾತ್ರ ತೆಗೆಯಲಾಗಿದೆ. ಯಕೃತ್ತಿನ ದ್ವಾರದ ಬಳಿ ದ್ರವವೂ ಗಾಳಿಯೂ ತುಂಬಿದ ಆಕೃತಿ ಕಾಣುತ್ತಿದೆ. ಪಿತ್ತನಾಳಗಳಲ್ಲೂ ಗಾಳಿಯಿದೆ. ಕೀವು ಎಂದು ಬರೆಯಬಹುದೇ?

ಉತ್ತರ:
ಈಗಲೇ ಬೇಡ. ಪಿತ್ತನಾಳವನ್ನು ಸಣ್ಣಕರುಳಿಗೆ ಜೋಡಿಸಿರುವುದರಿಂದ ಅಲ್ಲಿ ಗಾಳಿ ಸಹಜ. ಜೋಡಣೆಗಾಗಿ ಮೇಲೆಳೆದ ಕರುಳಿನ ಕುಣಿಕೆಯೂ ಅದೇ ಜಾಗದಲ್ಲಿರುತ್ತದೆ; ಬಾಯಿಯಿಂದ ಕೊಟ್ಟ ಕಾಂಟ್ರಾಸ್ಟ್ ಅದರೊಳಗೆ ಹೋಗುವುದು ಅಪರೂಪ. ಕೊರೋನಲ್ (ಮುಂದಿನಿಂದ ನೋಡಿದಂತಿರುವ) ಚಿತ್ರಗಳಲ್ಲಿ ಆ ಆಕೃತಿಯನ್ನು ಹಿಂಬಾಲಿಸಿ. ಒಳಪದರದ ಮಡಿಕೆಗಳು ಕಂಡು, ಮುಂದಿನ ಕರುಳಿಗೆ ಕೂಡಿಕೊಂಡರೆ ಅದು ಕುಣಿಕೆಯೇ. ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ಸ್ವಲ್ಪ ದ್ರವ ನಿಲ್ಲುವುದೂ ಸಾಮಾನ್ಯ. ನನಗೆ ಚಿಂತೆ ಹುಟ್ಟಿಸುವುದು ಗ್ರಂಥಿ ಮತ್ತು ಕರುಳಿನ ಜೋಡಣೆಗೆ ಅಂಟಿಕೊಂಡ ಗಾಳಿಗುಳ್ಳೆಗಳು. ಡ್ರೈನ್ (ಹೊಟ್ಟೆಯಿಂದ ದ್ರವ ಹೊರತರುವ ಕೊಳವೆ) ದ್ರವದಲ್ಲಿ ಅಮೈಲೇಸ್ ಎಂಬ ಮೇದೋಜೀರಕ ಕಿಣ್ವ ಎಷ್ಟು? ಮೂರನೇ ದಿನದಿಂದಾಚೆಗೆ ಅದು ರಕ್ತದ ಸಾಮಾನ್ಯ ಗರಿಷ್ಠ ಮಿತಿಯ 3 ಪಟ್ಟು ಮೀರಿ, ಚಿಕಿತ್ಸೆಯನ್ನೇ ಬದಲಿಸುವಂತಾದರೆ ಮಾತ್ರ 2016ರ ಅಂತರರಾಷ್ಟ್ರೀಯ ವ್ಯಾಖ್ಯೆಯಂತೆ ಫಿಸ್ಟುಲಾ (ಗ್ರಂಥಿಯ ಜೀರ್ಣರಸದ ಸೋರಿಕೆ). ಬರೀ ಸಿಟಿ ನೋಡಿ ಆ ಹೆಸರು ಕೊಡಬಾರದು.

ಪ್ರಶ್ನೆ ಕೇಳಿದವರು:
ಅದು ಕುಣಿಕೆಯೇ, ಧನ್ಯವಾದ. ಆದರೆ ಜೋಡಣೆಯ ಹಿಂದೆ ಗಾಳಿಗುಳ್ಳೆಗಳಿರುವ ಸುಮಾರು 4 ಸೆಂ.ಮೀ. ದ್ರವಸಂಗ್ರಹವಿದೆ. ಅಮೈಲೇಸ್ ಇನ್ನೂ ಬಂದಿಲ್ಲ. ಬೆಳಿಗ್ಗೆ ಡ್ರೈನ್‌ನಲ್ಲಿ ತುಸು ರಕ್ತ ಬಂದು ತಾನಾಗಿಯೇ ನಿಂತಿತಂತೆ. ಸೂಜಿ ಹಾಕಿ ದ್ರವ ತೆಗೆಯುವ ಯೋಚನೆಯಿದೆ.

ಉತ್ತರ:
ದಯವಿಟ್ಟು ಸೂಜಿಯನ್ನು ತಡೆಯಿರಿ, ಶಸ್ತ್ರಚಿಕಿತ್ಸಕರಿಗೆ ಈಗಲೇ ಫೋನ್ ಮಾಡಿ. ತಾನಾಗಿ ನಿಂತ ಆ ರಕ್ತ ದೊಡ್ಡ ರಕ್ತಸ್ರಾವದ ಮುನ್ಸೂಚನೆಯಾಗಿರಬಹುದು. ಸೋರಿದ ಜೀರ್ಣರಸ ಧಮನಿಯ ಗೋಡೆಯನ್ನು ಕೊರೆಯುತ್ತದೆ. ಯಕೃತ್ತಿನ ಧಮನಿಯಿಂದ ಕವಲೊಡೆಯುವ ಗ್ಯಾಸ್ಟ್ರೋಡ್ಯುವೋಡಿನಲ್ ಧಮನಿಯನ್ನು ಕಟ್ಟಿ ಕತ್ತರಿಸಿದ ಬುಡವನ್ನು ಮೊದಲು ನೋಡಬೇಕು. ಕಾಂಟ್ರಾಸ್ಟ್ ಇಲ್ಲದೆ ಒಮ್ಮೆ, ಧಮನಿ ಹಂತದಲ್ಲಿ ಒಮ್ಮೆ, ಪೋರ್ಟಲ್ ಹಂತದಲ್ಲಿ ಮತ್ತೊಮ್ಮೆ ತೆಳು ಸ್ಲೈಸ್‌ಗಳಲ್ಲಿ ತೆಗೆಯಿರಿ. ಮೊದಲನೆಯದಿಲ್ಲದಿದ್ದರೆ ಲೋಹದ ಕ್ಲಿಪ್ಪೂ ಹೊಸ ರಕ್ತಸ್ರಾವದಂತೆ ಮೋಸ ಮಾಡುತ್ತದೆ. ಬಾಯಿಯಿಂದ ಬಿಳಿ ಕಾಂಟ್ರಾಸ್ಟ್ ಕೊಡಬೇಡಿ; ಕರುಳಿನೊಳಗಿನ ರಕ್ತಸ್ರಾವವನ್ನು ಅದು ಮುಚ್ಚಿಬಿಡುತ್ತದೆ.

ಪ್ರಶ್ನೆ ಕೇಳಿದವರು:
ಧಮನಿ ಹಂತದಲ್ಲಿ ಆ ಬುಡದಲ್ಲೇ 8 ಮಿ.ಮೀ. ಸೂಡೋಅನ್ಯೂರಿಸಂ (ಧಮನಿಯ ಗೋಡೆ ಹರಿದು ರಕ್ತ ಚೀಲದಂತೆ ಉಬ್ಬಿ ನಿಂತದ್ದು)! ರೋಗಿಯನ್ನು ಆಂಜಿಯೋಗ್ರಫಿಗೆ ಕರೆದೊಯ್ದಿದ್ದಾರೆ.

ಉತ್ತರ:
ಬಹಳ ಸಮಾಧಾನವಾಯಿತು. ಪೋರ್ಟಲ್ ರಕ್ತನಾಳ (ಯಕೃತ್ತಿಗೆ ರಕ್ತ ತರುವ ಇನ್ನೊಂದು ನಾಳ) ತೆರೆದಿದೆಯೇ ಎಂಬುದನ್ನು ಅವರಿಗೆ ತಕ್ಷಣ ತಿಳಿಸಿ. ಯಕೃತ್ತಿನ ಧಮನಿಯನ್ನೇ ಕಾಯಿಲ್‌ನಿಂದ (ಲೋಹದ ಸುರುಳಿಯಿಂದ) ಮುಚ್ಚಬಹುದೇ, ಇಲ್ಲವೇ ಕವರ್ಡ್ ಸ್ಟೆಂಟ್ (ಪೊರೆ ಹೊದಿಸಿದ ಕೊಳವೆ) ಹಾಕಿ ಉಳಿಸಿಕೊಳ್ಳಬೇಕೇ ಎಂಬ ನಿರ್ಧಾರಕ್ಕೆ ಅದು ಮುಖ್ಯ.