ಸಿಟ್ಟು ಇಳಿಯೋಕೆ ನಿಮ್ಮ ನಿಮ್ಮ ಧರ್ಮದಲ್ಲಿ ಏನು ಹೇಳಿದ್ದಾರೆ?

ಕೊನೇ ಭಾಗದ ರೈತ, ಮಾನ್ವಿ ತಾಲ್ಲೂಕು:
ನಮ್ಮ ಗದ್ದೆ ತುಂಗಭದ್ರಾ ಎಡದಂಡೆ ನಾಲೆಯ ಕೊನೇ ಭಾಗದಲ್ಲಿದೆ. ಮೇಲಿನ ಹೊಲ ನಮ್ಮ ಕಾಕಾನ ಮಗನದು. ನಮ್ಮ ಪಾಳಿ ಬಂದ ರಾತ್ರಿಯೇ ಅವನು ಕಾಲುವೆಗೆ ಮೋಟರ್ ಇಡುತ್ತಾನೆ. ಬೆಳಗ್ಗೆ ಹೋಗಿ ನೋಡಿದರೆ ನಮ್ಮ ಮಡಿಯಲ್ಲಿ ಪಾದ ಮುಳುಗುವಷ್ಟೂ ನೀರಿರಲ್ಲ. ಬಾಯಿಜಗಳ ಆಯ್ತು, ಹಿರಿಯರು ಕಟ್ಟೆ ಮೇಲೆ ಕೂತು ಬುದ್ಧಿ ಹೇಳಿದ್ದೂ ಆಯ್ತು.

ನೀರಿನ ವಿಷಯ ಹೇಗೋ ಆಗುತ್ತೆ ಬಿಡಿ. ನನಗೆ ಕೇಳಬೇಕಾಗಿರೋದು ಸಿಟ್ಟಿನ ಬಗ್ಗೆ. ಊಟಕ್ಕೆ ಕೂತರೂ ಅವನದೇ ಮುಖ, ಮಲಗಿದರೂ ಅವನದೇ ಮೋಟರ್ ಸದ್ದು. ಬಿ.ಪಿ. ಮಾತ್ರೆ ಶುರುವಾಗಿದೆ. ಮನೆಯವಳು ಹೇಳಿದಳು ಅಂತ ಮಂತ್ರಾಲಯಕ್ಕೆ ಹೋದೆ. ಹೊಳೆಯಲ್ಲಿ ಮುಳುಗೆದ್ದೆ, ರಾಯರ ದರ್ಶನ ಮಾಡಿದೆ. ಅಲ್ಲಿರೋ ತನಕ ಹಾಯಾಗಿತ್ತು. ವಾಪಸ್ ಬರುವಾಗ ಬಸ್ಸು ನಾಲೆ ದಾಟಿತು ನೋಡಿ, ಮತ್ತೆ ತಲೆ ಬಿಸಿ.

ಯಾವ ಧರ್ಮದವರಾದರೂ ಸರಿ, ನಿಮ್ಮಲ್ಲಿ ಏನಿದೆ ಹೇಳಿ. 'ಪಾಸಿಟಿವ್ ಆಗಿರಿ' ಅಂತ ಮಾತ್ರ ಬರೀಬೇಡಿ. ಅದು ದಿನಾ ಬೆಳಗ್ಗೆ ಗುಲಾಬಿ ಹೂವಿನ ಫೋಟೋ ಜೊತೆ ವಾಟ್ಸಾಪಿಗೆ ಬರುತ್ತೆ.

ನಿವೃತ್ತ ಮಾಸ್ತರ, ಕೊಪ್ಪಳ:
ತಮ್ಮಾ, ಬಸವಣ್ಣನವರ ವಚನ ಒಂದಿದೆ. 'ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ' ಅಂತ ಶುರುವಾಗುತ್ತೆ. ಮನೆಯೊಳಗಿನ ಕಿಚ್ಚು ತನ್ನ ಮನೆಯನ್ನು ಸುಡದೆ ನೆರೆಮನೆಯನ್ನು ಸುಡಲ್ಲ ಅನ್ನೋದು ಅದರಲ್ಲೇ ಬರೋದು. ಲೆಕ್ಕ ನೀವೇ ಹಾಕಿ. ಮಾತ್ರೆ ನುಂಗುತ್ತಿರೋರು ನೀವು, ಗೊರಕೆ ಹೊಡೆಯುತ್ತಿರೋನು ಅವನು.

ಇನ್ನೊಂದು. ನಮ್ಮ ಗವಿಮಠದ ಬೆಟ್ಟದ ಬಂಡೆ ಮೇಲೆ ಅಶೋಕನ ಶಾಸನ ಇದೆ. ನಿಮ್ಮ ಜಿಲ್ಲೆಯ ಮಸ್ಕಿಯಲ್ಲೂ ಇದೆ. ಕಳಿಂಗ ಯುದ್ಧದ ಪಶ್ಚಾತ್ತಾಪದ ಮಾತು ಇವುಗಳಲ್ಲಿಲ್ಲ, ಅದು ಬೇರೆ ಕಡೆಯ ಶಾಸನ. ಇಲ್ಲಿರೋದು ಇಷ್ಟು: ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಸಿಗುತ್ತೆ. ಸನ್ಯಾಸಿಗಳಿಗೆ ಮಾತ್ರ ಸಾಧ್ಯ ಅಂತ ಕೈಚೆಲ್ಲಬೇಡಿ ಅಂತ ಇದನ್ನು ಹೇಳಿದೆ.

ಟೇಲರ್ ಆಪಾ, ಮುದಗಲ್:
ಅಣ್ಣಾ, ನಮ್ಮಲ್ಲಿ ಇದಕ್ಕೆ ಕೈಗೇ ಕೆಲಸ ಕೊಟ್ಟಿದ್ದಾರೆ. ಸಿಟ್ಟು ಬಂದಾಗ ನಿಂತಿದ್ದರೆ ಕೂತುಕೊಳ್ಳಿ, ಹೋಗಲಿಲ್ಲ ಅಂದರೆ ಮಲಗಿ ಅಂತ ಹದೀಸಿನಲ್ಲಿ, ಅಂದರೆ ಪ್ರವಾದಿಯವರ ಮಾತುಗಳಲ್ಲಿ ಇದೆ. ವುಜೂ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯೋದು, ಅದನ್ನು ಮಾಡಿ ಅಂತಲೂ ಇದೆ.

ಅಂಗಡಿಯಲ್ಲಿ ಗಿರಾಕಿ ಜೊತೆ ಜಟಾಪಟಿ ಆದರೆ ನಾನು ಸೀದಾ ಹಿಂದಿನ ನಲ್ಲಿಗೆ ಹೋಗುತ್ತೇನೆ. ಮೊದಲು ಮಣಿಕಟ್ಟಿನ ತನಕ ಕೈ. ಆಮೇಲೆ ಬಾಯಿ ಮುಕ್ಕಳಿಸೋದು, ಮೂಗಿಗೆ ನೀರು, ಮುಖ. ಮೊಣಕೈ ತನಕ ತೊಳೆದು, ಒದ್ದೆ ಕೈ ತಲೆ ಮೇಲೆ ಆಡಿಸಿ, ಕೊನೆಗೆ ಪಾದ. ಒಂದಾದ ಮೇಲೊಂದು ಕ್ರಮ ತಪ್ಪದ ಹಾಗೆ ಮಾಡಬೇಕು. ಹಾಗಾಗಿ ಗಮನ ಅಲ್ಲೇ ಇರುತ್ತೆ. ಪಾದಕ್ಕೆ ಬರೋ ಹೊತ್ತಿಗೆ ನಾಲಿಗೆ ತುದಿಯಲ್ಲಿದ್ದ ಬೈಗುಳ ಅರ್ಧ ಮರೆತಿರುತ್ತೆ. ಪೂರ್ತಿ ಅಲ್ಲ, ಸುಳ್ಳು ಯಾಕೆ ಹೇಳಲಿ!

ನರ್ಸ್, ರಾಯಚೂರು:
ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರ, 4ನೇ ಅಧ್ಯಾಯ, 26ನೇ ವಚನ ನೋಡಿ. ಸೂರ್ಯ ಮುಳುಗೋ ಮೊದಲೇ ಸಿಟ್ಟು ತೀರಲಿ ಅಂತಿದೆ. ಎಲ್ಲರೂ ಇದನ್ನೇ ಹೇಳೋದು. ಆದರೆ ಅದಕ್ಕೂ ಮುಂಚೆ, ಸಿಟ್ಟು ಬಂದರೂ ಪಾಪ ಮಾಡಬೇಡಿ ಅಂತಿದೆ. ಅಂದರೆ ಸಿಟ್ಟು ಬರೋದೇ ತಪ್ಪು ಅಂತಿಲ್ಲ, ಅಲ್ವಾ? ನಿಮ್ಮ ಪಾಲಿನ ನೀರು ಹೋದರೆ ಸಿಟ್ಟು ಬರಲೇಬೇಕು.

ಅದಕ್ಕೇ ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ತಕರಾರು. ಮನಸ್ಸು ತಣ್ಣಗಾಗಲಿ, ಬೇಡ ಅನ್ನಲ್ಲ. ಹಾಗಂತ ಸುಮ್ನೆ ಕೂರಬೇಡಿ ಅಣ್ಣಾ. ನಿಮ್ಮ ನೀರು ಬಳಕೆದಾರರ ಸಂಘಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಕೊಟ್ಟ ದಿನ ರಾತ್ರಿ ಸ್ವಲ್ಪವಾದರೂ ನಿದ್ದೆ ಬರುತ್ತೆ. ಬಿ.ಪಿ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.

ಕೊನೇ ಭಾಗದ ರೈತ, ಮಾನ್ವಿ ತಾಲ್ಲೂಕು:
ಎಲ್ಲರಿಗೂ ಶರಣು. ಅರ್ಜಿ ಬರೆಸುತ್ತೇನೆ. ಆಪಾ, ನಿಮ್ಮ ಕ್ರಮ ಮನೆಯವಳಿಗೆ ಓದಿ ಹೇಳಿದೆ, ನನಗಿಂತ ಮೊದಲು ಅವಳೇ ನಲ್ಲಿಗೆ ಹೋದಳು. ಮಾಸ್ತರೇ, ಶಾಸನ ನೋಡೋಕೆ ಬರುತ್ತೇನೆ, ಕಾಕಾನ ಮಗನನ್ನೂ ಕರ್ಕೊಂಡು ಬಾ ಅಂತ ಮಾತ್ರ ಅನ್ನಬೇಡಿ. ಸಿಸ್ಟರ್, ಸೂರ್ಯ ಮುಳುಗೋ ಮೊದಲು ಅಂದರೆ ಕಷ್ಟ. ಅವನ ಮೋಟರ್ ಶುರುವಾಗೋದೇ ಸೂರ್ಯ ಮುಳುಗಿದ ಮೇಲೆ.